ಹಾವಗೆಪ್ಪ ಕೆರಿ ಸುತ್ತಿದ ರಾತ್ರಿ

ಆ ಕಂದೀಲು ಸಣ್ಣದು ಮಾಡ್ರಿ. ಇನ್ನಷ್ಟು… ಹಾಂ, ಸಾಕು. ನಡುವ ಯಾರರೆ ನಕ್ರ ನಾ ಅರ್ಧಕ್ಕೇ ಎದ್ದು ಹೋಗ್ತೇನಿ, ಈಗೇ ಹೇಳಿ ಇಡ್ತೇನಿ. ಇದು ಕೂಸಿಗಿ ಮಲಗಸೋ ಕತಿ ಅಲ್ಲ. ಹಾವಗೆಪ್ಪನ ಮನಿ ನಮ್ಮ ಮನಿ ಗ್ವಾಡಿಗಿ ಹತ್ತಿದ ಮನಿ. ಅವನ ಬಾಯಿಂದ ನಮ್ಮಪ್ಪ ಕೇಳ್ಯಾನ, ಅವನ ಹೆಂಡ್ತಿ ಬಾಯಿಂದ ನಮ್ಮವ್ವ ಕೇಳ್ಯಾಳ. ಇಬ್ಬರ ಮಾತಿನಾಗೂ ಎಳ್ಳಷ್ಟು ಫರಕ ಇದ್ದಿಲ್ಲ.

ನಿಜಾಮರ ಕಾಲ. ಪಲೇಗು ಬಂದ ವರ್ಷ. ಆಗ ಮನಿಯೊಳಗ ಒಂದು ಇಲಿ ಸತ್ತು ಬಿತ್ತಂದ್ರ ಮುಗೀತು, ಊರಿಗೆ ಊರೇ ಬಾಗಿಲಿಗಿ ಕೀಲಿ ಹಾಕಿ ಹೊಲದಾಗ ಗುಡಸಲು ಹಾಕ್ಕೊಂಡು ಇರೋದು. ನಮ್ಮೂರ ಮಂದಿ ಕೆರಿ ಆಚಿ ದಂಡಿಗಿ ಇದ್ರು. ಹಾವಗೆಪ್ಪನ ಹೆಂಡ್ತಿ ಕಸ್ತೂರಿಬಾಯಿ, ಐದು ತಿಂಗಳ ಹೆಣ್ಣುಕೂಸು, ಅಲ್ಲೇ. ಅವ್ನು ಮಾತ್ರ ಭಾಲ್ಕಿ ಕಚೇರಿಯೊಳಗ ಜವಾನ. ಎಂಟು ದಿನಕ್ಕೊಮ್ಮೆ ಬರ್ತಿದ್ದ.

ಬರೋದು ಹ್ಯಾಂಗ? ಸೈಕಲ್ ಮ್ಯಾಲ! ಕಚೇರಿ ಸಾಹೇಬರು ಬದಲಿ ಆಗಿ ಹೋಗುವಾಗ ಇವನಿಗಿ ಕೊಟ್ಟು ಹೋಗಿದ್ರು. ಹತ್ತು ಹಳ್ಯಾಗ ಅದೊಂದೇ ಸೈಕಲ್. ಹೊಸದರಾಗ ಅಗಸ ಗೋಣಿ ಎತ್ತಿ ಎತ್ತಿ ಒಗದಂಗ, ದಿನಾ ಮೂರು ಸಲ ಒರಸ್ತಿದ್ದ ಪುಣ್ಯಾತ್ಮ. ಆ ವಾರ ಬೀದರಕ್ಕ ಹೋದಾಗ ಉಸ್ಮಾನ ಮಿಯಾನ ದುಕಾನದಾಗ ಹಿಂದ ಒಂದು ಕ್ಯಾರಿಯರ್ ಕೂಡಿಸ್ಕೊಂಡಿದ್ದ. ಹೆಂಡ್ತಿ ಕೂಸಿಗಿ ಕೂಡಿಸ್ಕೊಂಡು ಮೆರೀಬೇಕಂತ ಆಸಿ. ಒಂದು ನಟ್ಟು ಸಡ್ಲ ಉಳದಿತ್ತು. ಖಾಲಿ ಇದ್ದಾಗ ಕಿಟಿ ಕಿಟಿ, ಕಿಟಿ ಕಿಟಿ ಅಂತಿತ್ತು. ಏನರೆ ಭಾರ ಇಟ್ರ ಗಪ್ಪ.

ಈಗ ಹಾದಿ ತಿಳ್ಕೋರಿ. ಭಾಲ್ಕಿ ಕಡಿಂದ ಬಂದ್ರ ಮೊದಲು ಕೀಲಿ ಹಾಕಿದ ಖಾಲಿ ಊರು. ಊರ ಬಾಯಿಗಿ ಒಂದು ಬಾವಿ, ಬಾವಿ ಮ್ಯಾಲ ಬಗ್ಗಿದ ಆಲದ ಮರ. ಅಲ್ಲಿಂದ ಬಂಡಿ ಹಾದಿ ಕೆರಿ ಸುತ್ತ ಹೋಗ್ತದ. ಗುಡಸಲು ದಾಟ್ತದ, ಒಂದು ಏರು ಹತ್ತಿ ಕೆರಿ ಕಟ್ಟಿ ಮ್ಯಾಲ ಬರ್ತದ, ಅಲ್ಲಿ ತೂಬು ಕಾಯೋ ಗೋರಖನಾಥನ ಒಂಟಿ ಮನಿ, ಆಮ್ಯಾಲ ಇಳದು ತಿರುಗಿ ಅದೇ ಬಾವಿಗಿ ಬಂದು ಕೂಡ್ತದ. ಊರೆಲ್ಲಾ ಎದ್ದು ಹೋದ್ರೂ ಗೋರಖನಾಥ ಹೋಗಿದ್ದಿಲ್ಲ, ಹೆಂಡ್ತಿ ಎರಡು ಮಕ್ಕಳ ಕೂಡ ಅಲ್ಲೇ ಇದ್ದ. ಕೆರಿ ತುಂಬಿತ್ತು, ತೂಬು ಬಿಟ್ಟು ಹ್ಯಾಂಗ ಹೋಗ್ತಾನ?

ಪಲೇಗಿನ ದಿನದಾಗ ನಮ್ಮ ಕಡಿ ಒಂದು ಕಟ್ಟಳಿ ಇತ್ತು. ಖಾಲಿ ಊರ ಮುಂದ ಖಾಲಿ ಬಂಡಿ ಹೊಡೀಬಾರದು. ಬಾವಿ ಹತ್ರ ಕಲ್ಲು ಗುಂಪಿ ಹಾಕಿದ್ರು. ಬಂಡಿಯವ ಇಳದು ಒಂದು ಕಲ್ಲು ಹಿಂದ ಇಟಗೊಂಡು ಹೋಗಬೇಕು. ಜಾಗಾ ಇಲ್ಲ ಅಂತ ಹೇಳಿದಂಗ. ಇಡಲಿಲ್ಲಂದ್ರ… ಊರಾಗ ಉಳದದ್ದು ಹತ್ತಿ ಕೂಡ್ತದ. ಬಂಡಿ ನಿಂತಲ್ಲಿ ಇಳೀತದ. ಅದು ಇಳದಲ್ಲಿ ಇಲಿ ಬೀಳ್ತಾವ. ಕೋಳಿ ಕೂಗೋತನ ಬಂಡಿ ನಿಲ್ಲಲಿಲ್ಲಂದ್ರ ಮಾತ್ರ ಬಂದ ದಾರಿಗಿ ಸುಂಕ ಇಲ್ಲದ ತಿರುಗಿ ಹೋಗ್ತದ.

ಹಾವಗೆಪ್ಪನಿಗಿ ಇದು ಗೊತ್ತಿದ್ದಿಲ್ಲೇನು? ಗೊತ್ತಿತ್ತು! ಆದ್ರ ಬುದ್ಧಿಗಿ ಮಂಕು ಬಡೀತು. ಅದು ಬಂಡಿಗಿ ಹೇಳಿದ ಮಾತು, ಇದು ಸೈಕಲ್ಲು, ಇದಕ್ಕ ಎತ್ತಿಲ್ಲ ನೊಗ ಇಲ್ಲ ಅಂದ. ಕ್ಯಾರಿಯರ್ ಇದ್ದದ್ದೇ ನೆನಪಾಗ್ಲಿಲ್ಲ ಹುಚ್ಚನಿಗಿ.

ಸರಿರಾತ್ರಿ ಆಗಿತ್ತು. ಕಿಟಿ ಕಿಟಿ ಅಂತ ಬಾವಿ ದಾಟಿದ. ಆಲದ ಮರದಾಗ ಒಂದು ಎಲಿ ಅಳ್ಳಾಡವಲ್ದು. ನಾಲ್ಕು ಮಾರು ಹೋಗ್ಯಾನ…

ಕಿಟಿ ಕಿಟಿ ನಿಂತಿತು.

ಹಿಂದಿನ ಟಯರು ಮಣ್ಣಾಗ ಹೂತಂಗ ಆಯ್ತು. ಪೈಡಲ್ ಬಿಗಿ. ಚೈನು ಕರ್… ಕರ್… ಅಂತು. ಹಾವಗೆಪ್ಪ ಹ್ಯಾಂಡಲ್ ಬಿಗಿ ಹಿಡದ. ಹಿಂದ ಹೊಳ್ಳಿ ನೋಡಲಿಲ್ಲ. ನೋಡೋದೇನದ? ಬೆನ್ನಿಗಿ ಥಂಡಿ ಉಸರು ಬಡೀಲಾಕತ್ತಿತ್ತು.

"ಗುಡಸಲದಾಗ ಎಷ್ಟು ಮಂದಿ ಅದಾರೋ?"

ಮುದಕಿ ದನಿ. ಸಣ್ಣಗ, ಕಿವಿ ಹತ್ರ.

ಅವ್ನು ಇನ್ನೂ ಜೋರಾಗಿ ತುಳಿದ.

"ಕೂಸಿಗಿ… ಹಲ್ಲು ಬಂದಾವೇನು?"

ಆಗ ನೋಡ್ರಿ, ಅವನ ಜೀವ ಬಾಯಿಗಿ ಬಂತು. ಎಲ್ಲಾ ತಿಳೀತು. ಗುಡಸಲ ಮುಂದ ನಿಂತ್ರ ಇದು ಅಲ್ಲೇ ಇಳೀತದ. ಇಲ್ಲೇ ಬಿಟ್ಟರ ಅರ್ಧ ಹರದಾರಿ ನಡದು ಗುಡಸಲಿಗೇ ಹೋಗ್ತದ. ಉಳದದ್ದು ಒಂದೇ ದಾರಿ. ಕೋಳಿ ಕೂಗೋತನ ತುಳೀಬೇಕು. ನಿಲ್ಲಬಾರದು.

ಗುಡಸಲ ಹತ್ರ ಬಂದಾಗ ಕಸ್ತೂರಿಬಾಯಿ ಕಂದೀಲು ಹಿಡದು ಹಾದಿಗಿ ಬಂದು ನಿಂತಿದ್ಳು. ಕೂಸು ಕಂಕಳಾಗ. ಗಂಡನ ದಾರಿ ಕಾಯ್ತಿದ್ಳು, ಮತ್ತೇನು.

"ಬಂದ್ರೇನ್ರೀ? ಹಿಂದ ಯಾರಿಗಿ ಕರಕೊಂಡು ಬಂದೀರಿ?"

"ಒಳಗ ಹೋಗು!" ಅಂದ ಹಲ್ಲು ಕಚ್ಚಿ. ಮಾರಿ ತಿರುವಿ ತುಳಿದೇ ತುಳಿದ.

"ರೀ! ಎಲ್ಲಿಗಿ? ರೀ…"

ಬೆನ್ನ ಹಿಂದ ಆ ದನಿ ಕಿಸಕ್ಕಂತ ನಕ್ಕಿತು. "ನಿಲ್ಲಸಲಾ. ಹೆಣ್ಣಮಗಳು ಕರೀಲಾಕತ್ತಾಳ."

ಏರು ಹತ್ತಿದ, ತೊಡಿ ಹರದು ಹೋಗೋ ಹಂಗ. ಕಟ್ಟಿ ಮ್ಯಾಲ ಹಾದ. ಒಂದು ಕಡಿ ತುಂಬಿದ ನೀರು ಚಳಕ್… ಚಳಕ್… ಅಂತ ಕಲ್ಲಿಗಿ ಬಡೀತಿತ್ತು. ಮತ್ತ ಬಾವಿ. ಮತ್ತ ಗುಡಸಲು. ಎರಡನೇ ಸುತ್ತು. ಕಸ್ತೂರಿಬಾಯಿ ಅಲ್ಲೇ ನಿಂತಿದ್ಳು, ಈಗ ಕರೀಲಿಲ್ಲ. ಕಂದೀಲಿನ ಬೆಳಕಿನಾಗ ಆಕಿಗಿ ಏನು ಕಂಡಿತ್ತೋ, ಕೂಸಿನ ಮಾರಿಮ್ಯಾಲ ಸೆರಗು ಮುಚ್ಚಿದ್ಳು.

"ತುಳಿ ತುಳಿ. ಎಷ್ಟೊತ್ತು ತುಳೀತಿ ನೋಡ್ತೇನಿ. ನನಗೇನು ಕಾಲು ನೋಯ್ತಾವೇನು?" ಅಂತು ಅದು.

ಮೂರನೇ ಸುತ್ತಿಗಿ ಹಾವಗೆಪ್ಪನ ಬಾಯಾಗ ಪಸಿ ಇದ್ದಿಲ್ಲ. ನಾಲಿಗಿ ಅಂಗುಳಕ್ಕ ಅಂಟಿತ್ತು. ಹ್ಯಾಂಗೋ ಏರು ಹತ್ತಿ ಕಟ್ಟಿಗಿ ಬಂದ. ಗೋರಖನಾಥ ಸಪ್ಪಳಕ್ಕ ಎದ್ದು ಹೊರಗ ನಿಂತಿದ್ದ, ಕೈಯಾಗ ತುಂಬಿದ ತಂಬಿಗಿ.

"ಯಾಕ ಹಾವಗೆಪ್ಪಣ್ಣ, ಗಾಣದ ಎತ್ತಿನಂಗ ಸುತ್ತಲಾಕತ್ತೀರಿ? ಆಗಿಂದ ನೋಡ್ತೇನಿ. ತಡೀರಿ, ನೀರು ಕುಡೀರಿ."

ಮನುಷ್ಯ ಒಳ್ಳೆಯವ. ಬಂದವನೇ ಹ್ಯಾಂಡಲ್ ಹಿಡದ.

"ಬಿಡು, ಬಿಡೋ ಮಾರಾಯಾ…"

"ಒಂದು ಗುಟುಕು ಕುಡೀರಿ. ಸಾಯ್ತೀರಿ ಹಿಂಗಾದ್ರ."

ಬ್ಯಾಡ ಅನ್ನಬೇಕಿತ್ತು. ನೂಕಿ ಹೋಗಬೇಕಿತ್ತು. ಆದ್ರ ನೀರು ಕಂಡ ಬಾಯಿ ಯಾರ ಮಾತು ಕೇಳ್ತದ ಹೇಳ್ರಿ? ಸೀಟಿನ ಮ್ಯಾಲೇ ಕೂತು ಒಂದು ಕಾಲು ನೆಲಕ್ಕ ಊರಿದ. ಬರೇ ಒಂದು ಕಾಲು. ಗಟ ಗಟ ಗಟ ಮೂರು ಗುಟುಕು. ತಂಬಿಗಿ ಕೊಟ್ಟು ಮತ್ತ ತುಳಿದ. ಒಂದು ಕಾಲು ಊರಿದ್ರ ನಿಂತಂಗ ಅಲ್ಲ ಅಂತ ತನಗ ತಾನೇ ಹೇಳ್ಕೊಂಡ. ದಣದ ಕಾಲಿಗಿ ಪೈಡಲ್ ಹಂಗೇ ಬಿಗಿ ಅನಸ್ತು, ತೊಡಿ ಹಂಗೇ ಉರೀತಿದ್ದವು, ಕಿವ್ಯಾಗ ತನ್ನ ಏದುಸಿರೇ ತುಂಬಿತ್ತು. ಅದು ಇನ್ನೂ ಕೂತದ ಅಂತೇ ತಿಳದ.

ನಾಲ್ಕನೇ ಸುತ್ತು ಮುಗಿಸಿ ಬಾವಿ ಹತ್ರ ಬಂದಾಗ ದೂರ ಒಂದು ಕೋಳಿ ಕೂಗಿತು. ಹಾವಗೆಪ್ಪ ಸೈಕಲ್ ಸಮೇತ ಧಡ್ ಅಂತ ಬಿದ್ದ. ಬಿದ್ದಲ್ಲೇ ಗಳ ಗಳ ಅತ್ತ. ಗೆದ್ದೆ ಅಂತ ಅತ್ತ. ನನ್ನ ಕೂಸು ಉಳೀತು ಬಸವಾ ಅಂತ ಎದಿಮ್ಯಾಲಿನ ಲಿಂಗ ಹಿಡ್ಕೊಂಡು ಅತ್ತ.

ಬೆಳಗಾಗೂದ್ರಾಗ ಕಸ್ತೂರಿಬಾಯಿ ಓಡಿ ಬಂದ್ಳು.

"ಹೋಯ್ತು," ಅಂದ ಇವ್ನು. "ಈಗ ಕೋಳಿ ಕೂಗಿದಾಗ ಹೋಯ್ತು."

ಆಕಿ ಅವನ ಮಾರಿ ನೋಡಿದ್ಳು. ಪಿಸುಗುಟ್ಟಿದ್ಳು.

"ಈಗಲ್ರೀ… ಮೂರು ಸಲ ನಿಮ್ಮ ಹಿಂದ ಒಬ್ಬಾಕಿ ಮುದಕಿ ಇದ್ದಳು. ಹಸರು ಸೀರಿ. ಹೊಳ್ಳಿ ಹೊಳ್ಳಿ ನನ್ನ ಕೂಸಿಗಿ ನೋಡ್ತಿದ್ದಳು. ನಾಲ್ಕನೇ ಸಲ ಬರೇ ಕಿಟಿ ಕಿಟಿ ಅಂತ ಬಂದ್ರಿ. ಹಿಂದ ಯಾರೂ ಇದ್ದಿಲ್ಲ."

ಹಾವಗೆಪ್ಪನಿಗಿ ನೆಲ ಬಾಯಿ ಬಿಟ್ಟಂಗಾಯ್ತು. ಮೂರಕ್ಕೂ ನಾಲ್ಕಕ್ಕೂ ನಡುವ ಅವ್ನು ಎಲ್ಲಿ ಕಾಲು ಊರಿದ್ದ? ಒಂದೇ ಜಾಗಾದಾಗ. ಸೈಕಲ್ ಅಲ್ಲೇ ಬಿಟ್ಟು ಕಟ್ಟಿ ಕಡಿ ಓಡಿದ. ತೊಡಿ ಮಾತು ಕೇಳವಲ್ಲವು, ಆದ್ರೂ ಓಡಿದ, ಬಿದ್ದ, ಮತ್ತ ಎದ್ದು ಓಡಿದ. ನೀರು ಕೊಟ್ಟವನ ಮನೀಗಿ ನಾ ಏನು ತಂದಿಟ್ಟೆ ಅಂತ ಹಣಿ ಹಣಿ ಬಡ್ಕೊಂಡ.

ಗೋರಖನಾಥ ತೂಬಿಗಿ ಹೋಗಿದ್ದ. ಅವನ ಹೆಂಡ್ತಿ ಶಾಲುಬಾಯಿ ಒಲಿ ಮುಂದ ಜ್ವಾಳದ ರೊಟ್ಟಿ ಬಡೀಲಾಕತ್ತಿದ್ದಳು. ಪಟ್… ಪಟ್… ಪಟ್…

"ಬರ್ರಿ ಅಣ್ಣಾ, ಕೂಡ್ರಿ. ಅವ್ವಾರು ಈಗ ಎದ್ದಾರ."

"ಯಾವ… ಯಾವ ಅವ್ವಾರು?"

"ಅಯ್ಯ, ನಿಮ್ಮ ಅವ್ವಾರು ರೀ, ಅವರೇ ಹೇಳಿದ್ರು. ರಾತ್ರಿ ನೀರು ಕುಡದು ಹೋಗುವಾಗ ಇಳಿಸಿ ಹೋಗೀರಲ್ಲ? ಭಾಳ ದಣದಿದ್ರು ಪಾಪ. ನಾನೇ ಒಳಗ ಕೌದಿ ಹಾಸಿ ಕೊಟ್ಟೆ."

ಹಾವಗೆಪ್ಪನ ಅವ್ವ ಸತ್ತು ಹನ್ನೊಂದು ವರ್ಷ ಆಗಿತ್ತು.

"ಶಾಲುಬಾಯಿ," ಅಂದ. "ಹುಡುಗರಿಗಿ ಕರಕೊಂಡು ಹೊರಗ ಬಾ. ಈಗಿಂದೀಗ. ಏನೂ ಕೇಳಬ್ಯಾಡ."

ಆಕಿ ನಕ್ಕಳು. "ಯಾಕ್ರಿ? ಇಬ್ಬರೂ ಅವ್ವಾರ ಮಗ್ಗಲದಾಗೇ ಮಲಗ್ಯಾವ. ರಾತ್ರಿಯೆಲ್ಲಾ ತಲಿ ನೇವರಿಸ್ಯಾರ. ಆಗಿಂದ ಎಬ್ಬಿಸ್ತೇನಿ… ಏಳವಲ್ಲವು."

ಒಳಗ ಕತ್ತಲಿತ್ತು. ಕೌದಿ ಸರಿದ ಸಪ್ಪಳ ಬಂತು.

ಇಷ್ಟೇ ರೀ. ಆ ಮನಿ ನಾಲ್ಕು ಜೀವನೂ ಆ ವಾರದಾಗೇ ಹೋದವು. ಗುಡಸಲದಾಗ ಒಬ್ಬರಿಗೂ ಏನೂ ಆಗಲಿಲ್ಲ. ಹಾವಗೆಪ್ಪನ ಮಗಳು ಮುದಕಿ ಆಗಿ ಸತ್ತಳು, ಆಕಿ ಮದವಿ ಹೋಳಗಿ ನಮ್ಮವ್ವ ಉಂಡಾಳ. ಅವ್ನು ಮಾತ್ರ ಆವತ್ತಿನಿಂದ ಯಾರ ಮನ್ಯಾಗೂ ನೀರು ಕುಡೀಲಿಲ್ಲ. ಸುಳ್ಳಂತೀರಾ? ನಾಳಿ ಬೆಳಕಿನಾಗ ಕಟ್ಟಿಗಿ ಹೋಗಿ ನೋಡ್ರಿ. ಛತ್ತು ಬಿದ್ದದ, ಗ್ವಾಡಿ ನಿಂತಾವ. ಒಲಿ ಮ್ಯಾಲ ರೊಟ್ಟಿ ಬೇಯಸೋ ಹಂಚು ಹಂಗೇ ಅದ. ಇವತ್ತಿಗೂ ಅದರ ಮ್ಯಾಲ ಕೈ ಇಟ್ರ ಬಿಸಿ ಹತ್ತತದ. ನಾ ಇಟ್ಟು ನೋಡೇನಿ.