ರಾಯರು ಕೇಳದ ತನಿ

ಆ ಲೈಟು ಹಾಗೇ ಇರಲಿ, ಆರಿಸಬೇಡಿ. ಇದು ನಮ್ಮ ದೊಡ್ಡಮ್ಮನ ಮಗ ಲಕ್ಷ್ಮೀಪತಿಗೆ ಆದದ್ದು. ಅತ್ತಿಗುಪ್ಪೆಯಲ್ಲೇ ಇದ್ದಾನೆ, ಅನುಮಾನ ಇದ್ದವರು ನಾಳೆ ಹೋಗಿ ಕೇಳಬಹುದು. ಬಾಯಿ ಬಿಡುತ್ತಾನೋ ಇಲ್ಲವೋ ಗೊತ್ತಿಲ್ಲ... ನನಗೂ ಒಂದೇ ಸಲ ಹೇಳಿದ್ದು.

ವಿಜಯನಗರದಲ್ಲಿ ಸಂಗೀತ ಕಚೇರಿ ಮುಗಿಸಿಕೊಂಡು, ಮೃದಂಗ ಹೆಗಲಿಗೇರಿಸಿ ಮನೆ ಕಡೆ ನಡೆದು ಬರುತ್ತಿದ್ದ. ಕೊನೇ ಮೆಟ್ರೊ ಹೋಗಿಯಾಗಿತ್ತು. ಆಟೋದವರು ಆ ಚೀಲ ನೋಡಿಯೇ ಮುಖ ತಿರುಗಿಸಿದರು. ಮುಖ್ಯರಸ್ತೆ ಬಿಟ್ಟು ಒಳಗೆ ತಿರುಗಿದರೆ ಒಂದು ಹಳೇ ಆಲದ ಮರ, ಅದಕ್ಕೊಂದು ಕಟ್ಟೆ, ಪಕ್ಕದಲ್ಲಿ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ ಬಾವಿ. ಲೇಔಟ್ ಆಗುವ ಮೊದಲು ಊರಿಗೆಲ್ಲ ಅದೇ ನೀರಂತೆ. ಹಗಲು ಅಲ್ಲಿ ಎಳನೀರಿನ ಗಾಡಿ ನಿಲ್ಲುತ್ತದೆ. ರಾತ್ರಿ ನಾಯಿ ಕೂಡ ಮಲಗುವುದಿಲ್ಲ.

ಅಲ್ಲಿಗೆ ಬಂದಾಗ ಕೇಳಿಸಿತು... ಪಟ್.

ಅಂಗೈ ತೊಡೆಯ ಮೇಲೆ ಬಿದ್ದ ಸದ್ದು. ಆಮೇಲೆ ಬಿಡುವು... ಮತ್ತೆ ಪಟ್. ಸ್ವಲ್ಪ ಬೇಗ, ಇನ್ನೊಂದು ಪಟ್. ಮತ್ತೆ ಮೊದಲಿನಿಂದ. ಲಕ್ಷ್ಮೀಪತಿ ನಿಂತ. ಸದ್ದು ನಿಲ್ಲಲಿಲ್ಲ. ಆ ಕತ್ತಲಲ್ಲಿ ಯಾರೋ ಆದಿತಾಳ ಹಾಕುತ್ತಿದ್ದರು, ಒಂದು ಕೂದಲೆಳೆಯೂ ಆಚೀಚೆ ಆಗದ ಹಾಗೆ.

ಇಲ್ಲಿ ಸ್ವಲ್ಪ ತಡೆಯಿರಿ. ಜಗನ್ನಾಥರಾಯರು ಯಾರು ಅಂತ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ.

ರಾಯರು ಪತ್ರಿಕೆಗೆ ಸಂಗೀತ ವಿಮರ್ಶೆ ಬರೆಯುತ್ತಿದ್ದವರು. ಆ ಸಂಜೆಯ ಕಚೇರಿ ನಡೆದದ್ದೇ ಅವರ ಶ್ರದ್ಧಾಂಜಲಿಗೆ. ನಾಲಗೆ ಅಂದರೆ ನಾಲಗೆ, ಅಲಗಿನ ಹಾಗೆ. ಹಾಗಂತ ಕೆಟ್ಟವರು ಅನ್ನೋಣ ಅಂದರೆ ಅದೂ ಆಗಲ್ಲ. ಸಭಾದವರು ಹೊದಿಸಲು ಬಂದ ಶಾಲನ್ನು ವಾಪಸು ಕಳಿಸುತ್ತಿದ್ದ ಮನುಷ್ಯ. ಹೆಸರಾಂತ ವಿದ್ವಾಂಸರ ಅಪಸ್ವರವನ್ನು ಅಪಸ್ವರ ಅಂತಲೇ ಬರೆದರು. ನಾಗರಬಾವಿಯ ಬಾಡಿಗೆ ರೂಮಿನಲ್ಲಿದ್ದ ರಾಗಿಣಿಯನ್ನು ಯಾರೂ ಹಾಡಲು ಕರೆಯದ ಕಾಲದಲ್ಲಿ, ಒಂದೇ ಒಂದು ಲೇಖನದಿಂದ ಅವಳಿಗೆ ದಾರಿ ಮಾಡಿಕೊಟ್ಟರು. ಅವರು ಹೋದಾಗ ಕೆಲವರು ನಿಜವಾಗಿಯೂ ಅತ್ತರು. ಕೆಲವರ ಮನೆಯಲ್ಲಿ ಪಾಯಸ ಆಯಿತು. ಎರಡನ್ನೂ ನಾನು ಬಲ್ಲೆ.

ಇನ್ನು ತನಿ ಅಂದರೆ, ಹಾಡುವವರು ಸುಮ್ಮನಾಗಿ ಮೃದಂಗದವನಿಗೆ ಒಬ್ಬನಿಗೇ ಬಿಟ್ಟುಕೊಡುವ ಹೊತ್ತು. ನಮ್ಮ ಜನರ ಬುದ್ಧಿ ನಿಮಗೆ ಗೊತ್ತೇ ಇದೆ. ತನಿ ಶುರುವಾದರೆ ಸಾಕು, ಅರ್ಧ ಹಾಲ್ ಎದ್ದು ಕ್ಯಾಂಟೀನಿಗೆ ಹೋಗುತ್ತದೆ. ರಾಯರೂ ಹೋಗುತ್ತಿದ್ದರು. ವಾಪಸು ಬಂದು, ಮೃದಂಗ ಹಿತವಾಗಿತ್ತು ಅಂತ ಒಂದು ಸಾಲು ಬರೆದರೆ ಮುಗಿಯಿತು.

ಹತ್ತು ವರ್ಷದ ಹಿಂದೆ ಒಂದು ಕಚೇರಿಯಲ್ಲಿ ಲಕ್ಷ್ಮೀಪತಿ ಜನ್ಮದಲ್ಲೇ ನುಡಿಸದಂಥ ತನಿ ನುಡಿಸಿದ. ನಾನಿದ್ದೆ, ಮೈ ಜುಂ ಅಂದಿತ್ತು. ರಾಯರ ಕುರ್ಚಿ ಮಾತ್ರ ಖಾಲಿ. ವೇದಿಕೆ ಮೇಲಿಂದ ಅವನೂ ನೋಡಿದ್ದ. ಆ ವಾರ ಪತ್ರಿಕೆಯಲ್ಲಿ ಬಂತು: "ತನಿ ಕೇಳುತ್ತ ಕೂತವರಿಗೆ ಎದ್ದು ಹೋದವರನ್ನು ಕಂಡು ಹೊಟ್ಟೆಕಿಚ್ಚಾಯಿತು."

ಊರೆಲ್ಲ ನಕ್ಕಿತು. ಸಭಾದವರು ಕರೆಯುವುದು ಬಿಟ್ಟರು. ಅವನನ್ನು ಕಂಡರೆ ಸಾಕು, ಹೊಟ್ಟೆಕಿಚ್ಚು ಬಂತು ನೋಡ್ರಪ್ಪ ಅನ್ನುವವರು ಹುಟ್ಟಿಕೊಂಡರು. ಮಕ್ಕಳಿಗೆ ಪಾಠ ಹೇಳಿಕೊಂಡು ಮನೆಯಲ್ಲೇ ಕೂತ. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಕೇಳಿ ಬೈದಿದ್ದರೆ ಬೇರೆ ಮಾತು. ಕೇಳದೆ ಬೈದರಲ್ಲ.

ಶ್ರದ್ಧಾಂಜಲಿಗೆ ಹಾಡಿದವಳು ರಾಗಿಣಿ. ಮೃದಂಗದವರಿಗೆ ಜ್ವರ ಬಂದು, ಕೊನೇ ಗಳಿಗೆಯಲ್ಲಿ ಇವನನ್ನು ಕರೆದಳು. ಹೆಂಡತಿ ಪಂಕಜಾ ಬೇಡವೇ ಬೇಡ ಅಂದಿದ್ದಳು. "ಸತ್ತೋರ ಹತ್ರ ಏನ್ರೀ ತೀರಿಸ್ಕೋಬೇಕು ನಿಮಗೆ?" ಅಂತ ಕೇಳಿದಳಂತೆ. ಅವನಿಗೆ ಬೇಕಿದ್ದದ್ದು ಇಷ್ಟೇ, ಆ ಮನುಷ್ಯನಿಂದ ಒಂದು ಮಾತು. ಚೆನ್ನಾಗಿತ್ತು ಅಂತಲೋ, ಚೆನ್ನಾಗಿರಲಿಲ್ಲ ಅಂತಲೋ... ಆದರೆ ಕೇಳಿ ಹೇಳಿದ ಮಾತು. ಅದಂತೂ ಇನ್ನು ಸಿಗುವ ಹಾಗಿರಲಿಲ್ಲ. ಹೋದ, ನುಡಿಸಿದ. ಯಥಾಪ್ರಕಾರ ಅರ್ಧ ಹಾಲ್ ಎದ್ದು ಹೋಯಿತು. ಹಾರ ಹಾಕಿದ ರಾಯರ ಫೋಟೋ ಮಾತ್ರ ಜಾಗ ಬಿಟ್ಟು ಕದಲಲಿಲ್ಲ.

ಆ ರಾತ್ರಿಯೇ ಈ ಕಟ್ಟೆ. ಈ ತಾಳ.

ಬೀದಿದೀಪದ ಬೆಳಕು ಮರದ ಬುಡಕ್ಕೆ ಮುಟ್ಟುತ್ತಿರಲಿಲ್ಲ. ಕಟ್ಟೆಯ ಮೇಲೆ ಯಾರೋ ಓರೆಯಾಗಿ ಕೂತಿದ್ದರು. ಬಿಳಿ ಪಂಚೆ ಕಾಣುತ್ತಿತ್ತು. ತೊಡೆಯ ಮೇಲೆ ಕೈ ಏಳುತ್ತಿತ್ತು, ಬೀಳುತ್ತಿತ್ತು. ಮುಖ ಕಾಣಲಿಲ್ಲ.

"ಯಾರು?"

"ತನಿ ನುಡಿಸಯ್ಯ." ಪಿಸುಮಾತು. "ಆವತ್ತಿಂದು."

ಲಕ್ಷ್ಮೀಪತಿ ಓಡಬಹುದಿತ್ತು, ಮನೆ ಇನ್ನೆರಡು ತಿರುವು. ಓಡಲಿಲ್ಲ. ಭಯಕ್ಕಿಂತ ಹತ್ತು ವರ್ಷದ ಸಿಟ್ಟು ಮೊದಲು ಬಾಯಿಗೆ ಬಂತು.

"ಆವತ್ತು ನೀವು ಕೇಳ್ಲಿಲ್ಲ ಸಾರ್. ಎದ್ದು ಹೋಗಿದ್ರಿ."

"ಹೂಂ."

"ಕೇಳ್ದೇನೇ ಬರೆದ್ರಿ."

ತಾಳ ಒಂದು ಸುತ್ತು ಪೂರ್ತಿ ಬಂತು...

"ಹೂಂ."

ಲಕ್ಷ್ಮೀಪತಿ ನೆಲದ ಮೇಲೆ ಕೂತ. ಚೀಲದ ಜಿಪ್ ಎಳೆದ. ಮೃದಂಗದ ಎಡಗಡೆಗೆ ಕಚೇರಿಗೆ ಮುಂಚೆ ಕಲಸಿದ ರವೆ ಮೆತ್ತುತ್ತಾರೆ, ಮುಗಿದ ಮೇಲೆ ಕೆರೆದು ತೆಗೆಯುತ್ತಾರೆ. ಆ ರವೆ ಇಲ್ಲದಿದ್ದರೆ ಎಡಗಡೆ ಬರೀ ಡಬಡಬ, ನಾದ ಹುಟ್ಟುವುದಿಲ್ಲ. ಇವನು ತೆಗೆದಾಗಿತ್ತು. ಆದರೂ ಅಂಗೈ ಇಟ್ಟ ಕೂಡಲೇ ಗುಂ... ಅಂತ ಬಂತು. ಬಾವಿಯೊಳಗಿಂದ ಇನ್ನೊಂದು ಗುಂ.

ನುಡಿಸಿದ. ಮೊದಲು ನಿಧಾನ, ಆಮೇಲೆ ಕೈ ತಾನಾಗಿಯೇ ಓಡಿತು. ಆ ದಿನದ ಒಂದೊಂದು ಸೊಲ್ಲೂ ಬೆರಳಿಗೆ ನೆನಪಿತ್ತಂತೆ. ಕಟ್ಟೆಯ ಮೇಲಿನ ಕೈ ತಾಳ ತಪ್ಪಲಿಲ್ಲ. ಕೊನೆಯ ಮುಕ್ತಾಯ ಮೂರು ಸಲ ಬಾರಿಸಿ, ಸರಿಯಾಗಿ ತಾಳದ ಮೊದಲ ಪೆಟ್ಟಿಗೆ ತಂದು ಕೂರಿಸಿದ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಾದ.

"ಇನ್ನೊಂದ್ಸಲ."

ಮತ್ತೆ ನುಡಿಸಿದ. ಕಾದ.

"ಇನ್ನೊಂದ್ಸಲ."

ಮೂರನೇ ಸಲಕ್ಕೆ ಬೆರಳ ತುದಿ ಒಡೆಯಿತು. ನಿಲ್ಲಿಸೋಣ ಅಂದರೆ ಕೈ ನಿಲ್ಲುತ್ತಿಲ್ಲ. ಎದ್ದೇಳೋಣ ಅಂದರೆ ಮೊಣಕಾಲು ನೆಲಕ್ಕೆ ಅಂಟಿದ ಹಾಗೆ. ಅಷ್ಟು ಗದ್ದಲಕ್ಕೆ ಬೀದಿಯಲ್ಲಿ ಒಂದು ಕಿಟಕಿಯೂ ತೆರೆಯಲಿಲ್ಲ. ಎಷ್ಟನೇ ಸಲವೋ ಏನೋ, ಅಳುತ್ತಲೇ ಕೇಳಿದನಂತೆ.

"ಹೇಗಿತ್ತು ಸಾರ್? ಒಂದು ಮಾತು ಹೇಳ್ಬಿಡಿ. ಚೆನ್ನಾಗಿಲ್ಲ ಅಂತಾನೇ ಹೇಳಿ."

ಪಟ್... ಪಟ್, ಪಟ್.

"ಇನ್ನೊಂದ್ಸಲ."

ಬೆಳಗಿನ ಜಾವ ಪೇಪರ್ ವ್ಯಾನ್ ಬಂತು. ಮುಖ್ಯರಸ್ತೆಯ ಫುಟ್‌ಪಾತ್ ಮೇಲೆ ಬಂಡಲ್ ಧೊಪ್ ಅಂತ ಬಿತ್ತು. ತಾಳ ನಿಂತಿತು. ಲಕ್ಷ್ಮೀಪತಿ ತಲೆ ಎತ್ತಿ ನೋಡಿದರೆ ಕಟ್ಟೆ ಖಾಲಿ. ಹುಡುಕಿಕೊಂಡು ಬಂದ ಪಂಕಜಾ ಅವನನ್ನು ನೋಡಿದ್ದು ಅಲ್ಲೇ. ಅದೇ ಬೀದಿಯಲ್ಲಿ ರಾತ್ರಿಯೆಲ್ಲ ಮೂರು ಸಲ ಓಡಾಡಿದ್ದೆ, ಅಲ್ಲಿ ಯಾರೂ ಇರಲಿಲ್ಲ ಅಂತ ಅವಳು ಆಣೆ ಮಾಡುತ್ತಾಳೆ.

ಲಕ್ಷ್ಮೀಪತಿಗೆ ಜ್ವರ ಹಿಡಿಯಿತು. ಬಿಟ್ಟ ಮೇಲೆ ಇನ್ನು ಮೃದಂಗ ಮುಟ್ಟಲ್ಲ ಅಂದ. ಪಂಕಜಾ ಒಪ್ಪಲಿಲ್ಲ, ಈಗ ಬಿಟ್ಟರೆ ಆ ರಾಯರ ಮಾತೇ ನಿಜವಾಗುತ್ತದೆ ಅಂದಳು. ಬಸವೇಶ್ವರನಗರದಲ್ಲಿ ರಾಗಿಣಿಯ ಇನ್ನೊಂದು ಕಚೇರಿಗೆ ಒಪ್ಪಿಸಿದಳು. ನಾನೂ ಹೋದೆ. ಪಕ್ಕದ ಕುರ್ಚಿಯಲ್ಲಿ ಲಕ್ಷ್ಮೀಪತಿಯ ನೆರೆಮನೆಯ ಯಶೋದಮ್ಮ.

ತನಿ ಶುರುವಾಯಿತು. ಎಂದಿನಂತೆ ಜನ ಬ್ಯಾಗು ಎತ್ತಿಕೊಂಡರು, ಕುರ್ಚಿಗಳು ಕಿರ್ ಅಂದವು. ಅರ್ಧ ಎದ್ದರು... ಹಾಗೇ ಕೂತರು. ಎಲ್ಲರೂ. ಆಮೇಲೆ ಒಂದು ಕುರ್ಚಿಯೂ ಸದ್ದು ಮಾಡಲಿಲ್ಲ. ಯಾರೂ ಕೆಮ್ಮಲಿಲ್ಲ. ವೇದಿಕೆಯ ಮೇಲೆ ಲಕ್ಷ್ಮೀಪತಿ ಒಮ್ಮೆ ಹಾಲ್ ನೋಡಿ ಕಣ್ಣು ಮುಚ್ಚಿಕೊಂಡವನು, ಮುಗಿಯುವವರೆಗೂ ತೆರೆಯಲಿಲ್ಲ. ಮುಖ ಸುಣ್ಣದ ಬಣ್ಣಕ್ಕೆ ತಿರುಗಿತ್ತು. ಚಪ್ಪಾಳೆಗೆ ಚಾವಣಿ ಹಾರಿಹೋಗುವ ಹಾಗಿತ್ತು. ಅವನೊಬ್ಬ ನಗಲಿಲ್ಲ.

ಯಶೋದಮ್ಮ ನನ್ನ ತೋಳು ಹಿಡಿದುಕೊಂಡಿದ್ದರು.

"ಕಾಫಿಗೆ ಅಂತ ಎದ್ದೆ ಕಣಪ್ಪಾ," ಅಂದರು ಮೆಲ್ಲಗೆ. "ಯಾರೋ ಹಿಂದಿಂದ ಎರಡೂ ಹೆಗಲು ಅದುಮಿ ಕೂರಿಸಿದ್ರು."

ನಾನು ತಿರುಗಿ ನೋಡಿದೆ. ನಂಬಿ, ಬಿಡಿ, ಅದು ನಿಮಗೆ ಸೇರಿದ್ದು. ಆದರೆ ಅವರ ಪಕ್ಕದಲ್ಲಿ ಕೂತಿದ್ದವನು ನಾನು, ನನ್ನ ಕಣ್ಣಾರೆ ಕಂಡದ್ದನ್ನೇ ಹೇಳುತ್ತಿದ್ದೇನೆ. ನಮ್ಮದು ಕೊನೇ ಸಾಲು. ಹಿಂದೆ ಗೋಡೆ.