ಹತ್ತನೆಯ ಬೋಲ್ಟ್

ನಾನು ಮುನಿರಾಜ್, ತಂದೆ ದಿವಂಗತ ಮುನಿಯಪ್ಪ, ವಯಸ್ಸು 49. ಉದ್ಯೋಗ ವೆಲ್ಡಿಂಗ್ ಮತ್ತು ಕಬ್ಬಿಣದ ಕೆಲಸ. ಅದಕ್ಕೂ ಮೊದಲು ಇಪ್ಪತ್ತೊಂದು ವರ್ಷ ಮಗ್ಗದ ಫಿಟ್ಟರ್. ವಾಸ ಸೇಲಂ ಜಿಲ್ಲೆ, ಎಡಪ್ಪಾಡಿ. ತಮಿಳು ಓದಬಲ್ಲೆ, ಬರೆಯಬಲ್ಲೆ. ಈ ವಿಷಯವನ್ನು ಮನೆಮಾತಿನಲ್ಲಿ ಹೇಳುತ್ತೇನೆಂದು ಕೇಳಿಕೊಂಡಿದ್ದರಿಂದ, ಕನ್ನಡ ಬಲ್ಲ ಕಾನ್‌ಸ್ಟೇಬಲ್ ಪ್ರಭಾಕರ್ ಅವರು ಬರೆದುಕೊಳ್ಳುತ್ತಿದ್ದಾರೆ. 18-02-2024ರ ಭಾನುವಾರ ನಲ್ಲಂಪಳ್ಳಿ ಹತ್ತಿರದ ಖಾಸಗಿ ರೇಸ್ ಮೈದಾನದಲ್ಲಿ ನಡೆದ ಕಾರು ಅಪಘಾತದ ಬಗ್ಗೆ ನನ್ನನ್ನು ವಿಚಾರಿಸಲಾಗಿ, ನನಗೆ ಗೊತ್ತಿರುವುದು ಇಷ್ಟು.

ಕಾರು ನಮ್ಮ ಬೀದಿಯ ಮಾಲತಿಯದು. ವಯಸ್ಸು 26, ಆಟೊಮೊಬೈಲ್ ಡಿಪ್ಲೊಮಾ ಓದಿದವಳು. ಅವಳ ತಾಯಿ ರಾಜಾತಿ ಕೈಮಗ್ಗ ನೇಯುತ್ತಾರೆ. ಕಳೆದ ನವೆಂಬರಿನಲ್ಲಿ ಮಾಲತಿ ಒಂದು ಹಳೆಯ ಕಾರಿನ ಚೌಕಟ್ಟನ್ನೂ ಅದಕ್ಕೆ ಮೀರಿದ ಆರು ಸಿಲಿಂಡರಿನ ಎಂಜಿನ್ನನ್ನೂ ತಂದು, ಇದರೊಳಗೆ ಅದನ್ನು ಕೂರಿಸಿಕೊಡಬೇಕೆಂದು ಕೇಳಿದಳು. 402 ಮೀಟರ್ ನೇರ ದಾರಿ ಓಡುವ ಕಾರು.

ಊರಲ್ಲಿ ಓಡುವ ಕಾರಿನಲ್ಲಿ ಎಂಜಿನ್ ರಬ್ಬರಿನ ಮೇಲೆ ಕೂತಿರುತ್ತದೆ, ನಡುಗಲು ಅದಕ್ಕೆ ಜಾಗ ಬೇಕು. ಈ ಕಾರಿನಲ್ಲಿ ಆ ಜಾಗ ಕೊಡಬಾರದು. ಹೊರಡುವ ಕ್ಷಣ ಎಂಜಿನ್ ತನ್ನ ಮೈಯನ್ನೇ ತಿರುಚಿಕೊಂಡು ಏಳಲು ನೋಡುತ್ತದೆ. ಆದ್ದರಿಂದ ಎಂಜಿನ್ನಿನ ಮುಖಕ್ಕೆ 10 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಪ್ಲೇಟ್, ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಇನ್ನೊಂದು ಪ್ಲೇಟ್, ಎರಡನ್ನೂ ಚೌಕಟ್ಟಿಗೆ ಬಿಗಿದೆ. ಗೇರ್‌ಬಾಕ್ಸಿನ ಬಾಲದ ಕೆಳಗೆ ಮಾತ್ರ ಒಂದು ರಬ್ಬರ್ ಇಟ್ಟೆ. ಚೌಕಟ್ಟು ತುಸು ಬಾಗಿದರೂ ಬಾಲ ಸೀಳಬಾರದು. ಮುಂದೆ ನಾಲ್ಕು, ನಡುವೆ ನಾಲ್ಕು, ಹಿಂದೆ ಎರಡು, ಒಟ್ಟು ಹತ್ತು ಬೋಲ್ಟ್. ಈ ಕೆಲಸಕ್ಕೆ ನನಗೆ ಎಪ್ಪತ್ತೆರಡು ದಿನ ಹಿಡಿಯಿತು. ಪ್ಲೇಟುಗಳನ್ನು ಮೂರು ಸಲ ಕತ್ತರಿಸಿ ಎಸೆದಿದ್ದೇನೆ.

16ರ ಶುಕ್ರವಾರ ಸಂಜೆ 5.30ಕ್ಕೆ ಒಂಬತ್ತು ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಅಳತೆಗೆ ಬಿಗಿದು ಮುಗಿಸಿದೆ. ನಮ್ಮ ಮನೆತನದ ಫಿಟ್ಟರುಗಳಲ್ಲಿ ಒಂದು ರೂಢಿ ಇದೆ. ಹೊಸ ಮಗ್ಗ ಕೂರಿಸಿದಾಗ ಕೊನೆಯ ಬೋಲ್ಟನ್ನು ಆ ಮನೆಯ ಹೆಣ್ಣುಮಗಳು ಬರಿಗೈಯಲ್ಲಿ ಹಾಕುತ್ತಾಳೆ. ಆ ದಿನ ಫಿಟ್ಟರ್ ಅದಕ್ಕೆ ಸ್ಪ್ಯಾನರ್ ಇಡುವುದಿಲ್ಲ, ಮರುದಿನ ಬೆಳಿಗ್ಗೆ ಬಿಗಿಯುತ್ತಾನೆ. ನಾನು ರಾಜಾತಿ ಅಕ್ಕನನ್ನು ಕರೆಸಿದೆ. ಅವರು ನಡುಪ್ಲೇಟಿನ ಬಲಗಡೆಯ ಕೆಳಗಿನ ಬೋಲ್ಟನ್ನು ತಿರುಗಿಸುತ್ತಾ, "ಇಷ್ಟ್ ಸಣ್ಣದಾಲಾ ಮುನಿರಾಜ? ನಮ್ ತರೀಗೇ ಇದ್ಕಿಂತ ದಪ್ಪ ಆಕಿದ್ಯಲ್ಲ" ಎಂದರು. ನಮ್ಮ ಕಡೆ ಮಗ್ಗಕ್ಕೆ ತರಿ ಎನ್ನುತ್ತೇವೆ. ತರಿ ಓಡುವುದಿಲ್ಲವಲ್ಲ ಅಕ್ಕ ಎಂದು ನಾನು ಹೇಳಿದೆ.

ಬಿಗಿದ ಬೋಲ್ಟು ತಿರುಗಿದರೆ ಗೊತ್ತಾಗಲೆಂದು ತಲೆಯಿಂದ ಪ್ಲೇಟಿಗೆ ಒಂದು ಕೆಂಪು ಗೆರೆ ಎಳೆಯುತ್ತೇನೆ. ಉಗುರುಬಣ್ಣ ಸಾಕು. ಒಂಬತ್ತಕ್ಕೆ ಎಳೆದಿದ್ದೆ. ಅಕ್ಕ ನೋಡುತ್ತಾ ನಿಂತಿದ್ದರು. ಅವರದನ್ನು ಮಾತ್ರ ಬಿಡುವುದು ಸರಿ ಕಾಣದೆ ಅದಕ್ಕೂ ಎಳೆದೆ.

17ರ ಶನಿವಾರ ಬೆಳಿಗ್ಗೆ 7.20ಕ್ಕೆ ಅಂಗಡಿ ತೆರೆದೆ. 8 ಗಂಟೆಗೆ ಲಾರಿ ಬರುವುದಿತ್ತು. ಕೂತು ಗೆರೆಗಳನ್ನು ಎಣಿಸಿದೆ. ಹತ್ತೂ ಇದ್ದವು, ಒಂದೂ ತುಂಡಾಗಿರಲಿಲ್ಲ. ಗೆರೆ ನೋಡಿದೆ, ಬೋಲ್ಟ್ ನೋಡಲಿಲ್ಲ. ಕಾರನ್ನು ಲಾರಿಗೆ ಏರಿಸಿದೆವು.

ಭಾನುವಾರ ಮಧ್ಯಾಹ್ನ 1 ಗಂಟೆಗೆ ವಾಹನ ತಪಾಸಣೆಯ ಕುಪ್ಪುಸ್ವಾಮಿ, ತಾರಮಂಗಲಂನವರು, ಎಂಜಿನ್ನನ್ನು ಸಬ್ಬಲಿನಿಂದ ಮೀಟಿ ನೋಡಿ ಚೀಟಿಗೆ ಸಹಿ ಹಾಕಿದರು. ಹಾಕುವಾಗ, "ತರಿ ಮೇಸ್ತ್ರಿ ಕೈಗೆ ರೇಸ್ ಕಾರ್ ಕೊಟ್ರೆ ಸೀರೆ ನೇಯ್ದು ಕೊಡ್ತಾನೆ" ಎಂದರು. ಮಾಲತಿ, "ಅಂಗಾದ್ರೆ ಸೆರಗು ಮಾತ್ರ ಕಾಣ್ತೈತೆ ಮಾಮಾ, ಮುಂದ್ಗಡೆ ನಾನ್ ಓಗಿರ್ತೀನಲ್ಲ" ಎಂದಳು. ಸುತ್ತ ಇದ್ದವರು ನಕ್ಕರು. ಕುಪ್ಪುಸ್ವಾಮಿಯವರೂ ನಕ್ಕರು.

2.35ಕ್ಕೆ ಮೊದಲ ಓಟ: 11.8 ಸೆಕೆಂಡು. ಆ ದಿನ ಅಲ್ಲಿಯವರೆಗೆ ಅದಕ್ಕಿಂತ ಕಡಿಮೆ ಹೊತ್ತಿನಲ್ಲಿ ಯಾರೂ ಓಡಿರಲಿಲ್ಲ. 4.10ಕ್ಕೆ ಎರಡನೆಯ ಓಟ. ಸುಮಾರು 260 ಮೀಟರಿನಲ್ಲಿ ಹಿಂದಿನ ಎಡ ಟೈರು ಸಿಡಿಯಿತು. ಕಾರು ಎಡಕ್ಕೆ ತಿರುಗಿ ಮರಳು ಮೂಟೆಗಳನ್ನು ದಾಟಿ ಕಾಂಕ್ರೀಟ್ ತಡೆಗೆ ಮುಖ ಕೊಟ್ಟು ನಿಂತಿತು. ನಾನು ಓಡಿದೆ. ಮಾಲತಿ ಹೆಲ್ಮೆಟ್ಟಿನೊಳಗಿಂದ ಎಂಜಿನ್ ಐತಾ ಮಾಮಾ ಎಂದು ಕೇಳಿದಳು. ಐತೆ ಕಣವ್ವ, ನಿನ್ ಕಾಲ್ ಐತಾ ಎಂದೆ. "ಎಲ್ಡೂ ಐತೆ. ಭುಜ ಓಯ್ತು" ಎಂದಳು. ಕಾಲರ್ ಬೋನ್ ಮುರಿದಿದೆ, ಆಸ್ಪತ್ರೆಯಲ್ಲಿದ್ದಾಳೆ. ಬೇರೇನೂ ಆಗಿಲ್ಲ.

5.40ಕ್ಕೆ ಸಬ್ ಇನ್ಸ್‌ಪೆಕ್ಟರ್ ಅವರ ಎದುರು ಅಳತೆ ಹಿಡಿಯಲಾಯಿತು. ಕಾರಿನ ಮೂತಿ ಹದಿನಾಲ್ಕು ಇಂಚು ಒಳಗೆ ಹೋಗಿತ್ತು. ಗೇರ್‌ಬಾಕ್ಸಿನ ತಲೆಗೂ ಪೆಡಲುಗಳಿಗೂ ನಡುವೆ ನಾನು ಬಿಟ್ಟಿದ್ದದ್ದು ಆರು ಇಂಚು. ಟೇಪು ಆರು ಇಂಚನ್ನೇ ತೋರಿಸಿತು. ಅವರು ಮತ್ತೊಮ್ಮೆ ಹಿಡಿಯಲು ಹೇಳಿದರು. ಮತ್ತೊಮ್ಮೆಯೂ ಆರೇ. ಎಂಜಿನ್ ಮಾಲತಿಯ ಕಾಲಿನ ಕಡೆಗೆ ಕೂದಲೆಳೆಯಷ್ಟೂ ಸರಿದಿರಲಿಲ್ಲ.

ಆಗ ನಡುಪ್ಲೇಟಿನ ಬಲಗಡೆಯ ಕೆಳಗಿನ ಬೋಲ್ಟ್ ಇಲ್ಲದಿರುವುದು ಕಂಡಿತು. ಅದೇ ಅಪಘಾತಕ್ಕೆ ಕಾರಣ, ಎಂಜಿನ್ ಅಲುಗಾಡಿ ಕಾರು ತಪ್ಪಿತು ಎಂದು ಕುಪ್ಪುಸ್ವಾಮಿ ದೂರು ಬರೆದುಕೊಟ್ಟಿದ್ದಾರೆ. ಸಿಡಿದ ಟೈರಿನೊಳಗೆ ಎರಡೂವರೆ ಇಂಚಿನ ಕಬ್ಬಿಣದ ಚೂರು ಸಿಕ್ಕಿದೆ, ಅದು ಬೋಲ್ಟಿನದಲ್ಲ, ಠಾಣೆಯ ವಶದಲ್ಲಿದೆ. ಬೋಲ್ಟು ಡಿಕ್ಕಿಯಲ್ಲಿ ಮುರಿದಿರಬಹುದಲ್ಲವೇ ಎಂದು ಸಬ್ ಇನ್ಸ್‌ಪೆಕ್ಟರ್ ನನ್ನನ್ನು ಕೇಳಿದರು. ಹೌದೆಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನಾನು ರಂಧ್ರವನ್ನು ತೋರಿಸಿದೆ. ಅಂಚು ಹರಿದಿಲ್ಲ, ದುಂಡಗಿದೆ. ಬೋಲ್ಟು ಮುರಿದಿಲ್ಲ, ಮೊದಲೇ ಕಳಚಿ ಬಿದ್ದಿದೆ. ಉಳಿದ ಒಂಬತ್ತರಲ್ಲಿ ಒಂದರ ಗೆರೆಯೂ ತುಂಡಾಗಿಲ್ಲ. ಒಂಬತ್ತರ ಮೇಲೆ ಆ ಎಂಜಿನ್ ನಿಂತಿತು. ಈ ಎರಡು ಮಾತನ್ನೂ ನಾನೇ ಹೇಳುತ್ತಿದ್ದೇನೆ, ಒಂದನ್ನು ಬಿಟ್ಟು ಇನ್ನೊಂದನ್ನು ಬರೆದುಕೊಳ್ಳಬಾರದು.

ನಿನ್ನೆಯಿಂದ ರಾಜಾತಿ ಅಕ್ಕ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದಾರೆ. ಮಗಳ ಹಾಸಿಗೆಯ ಹತ್ತಿರ ಹೋಗುತ್ತಿಲ್ಲ. "ನನ್ ಕೈಯಿ ಕಣಲಾ. ನನ್ ಕೈಯೇ ಇಂಗ್ ಮಾಡ್ತು" ಎನ್ನುತ್ತಾರೆ. ನಾನು ಹೇಳಿದ್ದನ್ನು ಕೇಳುತ್ತಿಲ್ಲ. ಠಾಣೆಯ ಮೊಹರು ಇರುವ ಕಾಗದ ಹೇಳಿದರೆ ಕೇಳಬಹುದು. ಇದರ ಒಂದು ಪ್ರತಿಯನ್ನು ನನಗೆ ಕೊಡಬೇಕೆಂದು ಕೋರುತ್ತೇನೆ.

ಬರೆದದ್ದನ್ನು ಪ್ರಭಾಕರ್ ಅವರು ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ನಿಜ, ಯಾರೂ ಹೇಳಿಸಿದ್ದಲ್ಲ. ಅಂಚಿನಲ್ಲಿ ಅವರು ಬರೆದ ಸಾರಾಂಶದಲ್ಲಿ ಮಾತ್ರ "ರಾಜಾತಿ ಹಾಕಿದ ಬೋಲ್ಟು ಕಳಚಿತು" ಎಂದಿತ್ತು. ಅದನ್ನು ಹೊಡೆದುಹಾಕಿಸಿ "ಮುನಿರಾಜ್ ಬಿಗಿಯದೆ ಬಿಟ್ಟ ಬೋಲ್ಟು ಕಳಚಿತು" ಎಂದು ಬರೆಸಿ, ಪಕ್ಕದಲ್ಲಿ ಸಹಿ ಮಾಡಿದ್ದೇನೆ.

ಸ್ಥಳ: ನಲ್ಲಂಪಳ್ಳಿ
ದಿನಾಂಕ: 19-02-2024, ಬೆಳಿಗ್ಗೆ 11.15

(ಸಹಿ) ಮು. ಮುನಿರಾಜ್