ಬೆಳಗಿನ ಏಳರ ಟವೆಲ್

ಈ ಸಂತಾಪ ಸಭೆಯ ಅಧ್ಯಕ್ಷರೂ ನಮ್ಮ ಅಜ್ಜಿಯಿದ್ದ ಕಟ್ಟಡದ ನಿವಾಸಿಗಳ ಸಂಘದ ಅಧ್ಯಕ್ಷರೂ ಆದ ಹಿರಿಯರೇ, ಅಜ್ಜಿಯ ಜೊತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ದುಡಿದು ಇಂದು ಮುಖ್ಯ ಅತಿಥಿಯಾಗಿ ಬಂದಿರುವ ಅಮ್ಮನವರೇ, ಮೂರನೆಯ ಸಾಲಿನ ಕೊನೆಯಲ್ಲಿ ಕುಳಿತಿರುವ ದರ್ಜಿ ಮಾವನವರೇ, ಮತ್ತು ಸಭಿಕರೇ,

ದರ್ಜಿ ಮಾವ ವೇದಿಕೆಯವರಲ್ಲ, ಅವರನ್ನು ಸಂಬೋಧಿಸುವುದು ಪದ್ಧತಿಯಲ್ಲ ಎಂದು ನನಗೆ ಗೊತ್ತು. ಆದರೂ ಸೇರಿಸಿಕೊಂಡೆ, ಕ್ಷಮಿಸಬೇಕು. ನಾನು ಮೊದಲ ವರ್ಷದ ವಿದ್ಯಾರ್ಥಿನಿ. ಮೂರನೆಯ ಕ್ಲಾಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು. ನನ್ನ ಕನ್ನಡದಲ್ಲಿ ಅರ್ಧ ಇಂಗ್ಲಿಷೇ ಇರುತ್ತದೆ. ಅದಕ್ಕೇ ಕಾಗದದಲ್ಲಿ ಬರೆದುಕೊಂಡು ಬಂದಿದ್ದೇನೆ.

ಅಜ್ಜಿ ಎಂದರೆ ಅಪ್ಪನ ಸೋದರತ್ತೆ. ಮೂವತ್ತನಾಲ್ಕು ವರ್ಷ ಹೆಡ್‌ಫೋನ್ ಹಾಕಿಕೊಂಡು ಊರಿನವರ ಮಾತನ್ನು ಊರಿನವರಿಗೆ ತಲುಪಿಸಿದವರು. ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಲೈನ್ ಎಂಗೇಜ್ ಇತ್ತು" ಎನ್ನುತ್ತಿದ್ದರು. ಮೆಟ್ಟಿಲ ಮೇಲೆ ಯಾರಾದರೂ ಕರೆದರೆ "ಲೈನಲ್ಲಿರಿ, ಬಂದೆ" ಎನ್ನುವುದು ಅಭ್ಯಾಸ. ಕಟ್ಟಡದ ಮಕ್ಕಳೆಲ್ಲ ಅವರನ್ನು ಲೈನಲ್ಲಿರಿ ಅಜ್ಜಿ ಎಂದೇ ಕರೆದರು. ಎಂಬತ್ತೆಂಟನೆಯ ವಯಸ್ಸಿನಲ್ಲೂ ಮೂರನೆಯ ಮಹಡಿಗೆ ತಮ್ಮ ಚೀಲ ತಾವೇ ಹೊತ್ತು ಹತ್ತಿದರು. ಅಪ್ಪ ನಮ್ಮ ಮನೆಗೆ ಬನ್ನಿ ಎಂದು ಎಷ್ಟು ಸಲ ಕರೆಯಲಿಲ್ಲ? ಪ್ರತಿ ಸಲವೂ ಒಂದೇ ಉತ್ತರ. "ರೂಮ್ ಕೊಡ್ತೀಯ ಸರಿ. ಒಳಗಡೆಯಿಂದ ಹಾಕ್ಕೊಳ್ಳೋಕೆ ಚಿಲಕ ಕೊಡ್ತೀಯೇನೋ?" ಅಪ್ಪ ನಗುತ್ತಿದ್ದರು. ಅಜ್ಜಿ ನಗುತ್ತಿರಲಿಲ್ಲ.

ಹಾಗಿದ್ದರೆ ಒಬ್ಬರೇ ಇರುವವರ ಕ್ಷೇಮ ತಿಳಿಯುವುದು ಹೇಗೆ? ದಿನಾ ಫೋನ್ ಮಾಡುತ್ತೇವೆ ಎಂದರೆ ಅಜ್ಜಿ ಒಪ್ಪಲಿಲ್ಲ. "ಮೂವತ್ನಾಲ್ಕು ವರ್ಷ ಕೇಳಿದೀನಿ. ಫೋನಲ್ಲಿ ಎಲ್ಲರೂ ಚೆನ್ನಾಗೇ ಇರ್ತಾರೆ." ಅದಕ್ಕೇ ಅವರೊಂದು ಏರ್ಪಾಡು ಮಾಡಿಕೊಂಡರು. ಬೆಳಿಗ್ಗೆ ಏಳರೊಳಗೆ ಬಾಲ್ಕನಿಯ ಕಂಬಿಯ ಮೇಲೆ ಹಳದಿ ಟವೆಲ್ ಹಾಕುವುದು. ಸಂಜೆ ತೆಗೆಯುವುದು. ಎದುರು ಬೀದಿಯ ದರ್ಜಿ ಮಾವ ಅಂಗಡಿ ತೆರೆದವರೇ ತಲೆಯೆತ್ತಿ ನೋಡುವುದು. ಎಂಟಾದರೂ ಟವೆಲ್ ಕಾಣದಿದ್ದರೆ ತಮ್ಮಲ್ಲಿದ್ದ ಬೀಗದ ಕೈ ಹಿಡಿದು ಮೇಲೆ ಬರುವುದು. ಹನ್ನೊಂದು ವರ್ಷ ಇದು ನಡೆಯಿತು. ಒಂದೇ ಒಂದು ದಿನ ಅಜ್ಜಿ ಸ್ನಾನಕ್ಕೆ ತಡಮಾಡಿದರು. ಮಾವ ಏದುಸಿರು ಬಿಡುತ್ತಾ ಬಂದು ಬಾಗಿಲು ತೆಗೆದೇಬಿಟ್ಟರು. ಒದ್ದೆ ತಲೆಯಲ್ಲಿ ಎದುರಾದ ಅಜ್ಜಿ ನಾಚಿಕೆಯಿಂದ ವಾರವಿಡೀ ಆ ಬೀದಿಯಲ್ಲಿ ನಡೆಯಲಿಲ್ಲ.

ಕಾಲೇಜು ಸೇರಿದ ಮೇಲೆ ಶನಿವಾರ ಅಜ್ಜಿಯ ಮನೆಗೆ ಬಂದು ಸೋಮವಾರ ಬೆಳಿಗ್ಗೆ ಆರೂಕಾಲರ ಬಸ್ಸಿಗೆ ಹಾಸ್ಟೆಲಿಗೆ ಹೋಗುವುದು ನನ್ನ ರೂಢಿ. ಮೊದಲ ವಾರವೇ, ಮುದುಕಿಗೆ ಕೈನೋವು ಎಂದು ಟವೆಲನ್ನು ನಾನೇ ಹಾಕಿದೆ. ಅಜ್ಜಿ ಬಂದು ಅದನ್ನು ತೆಗೆದು, ಕೊಡವಿ, ಮತ್ತೆ ತಾವೇ ಹಾಕಿದರು. "ನೀನು ಹಾಕಿದ್ರೆ ನೀನು ಬದುಕಿದೀಯ ಅಂತ ಗೊತ್ತಾಗತ್ತೆ ಕಣೇ. ನನ್ ವಿಷ್ಯ ಏನ್ ಗೊತ್ತಾಗತ್ತೆ?"

ನೀವು ನಕ್ಕಿರಿ. ನಾನೂ ಅವತ್ತು ನಕ್ಕಿದ್ದೆ.

ಕಾಗದದಲ್ಲಿ ಇದಾದ ಮೇಲೆ ಅಜ್ಜಿಯ ಓದಿನ ಹವ್ಯಾಸದ ಬಗ್ಗೆ ಒಂದು ಪ್ಯಾರಾ ಇದೆ. ಅದನ್ನು ಬಿಡುತ್ತೇನೆ.

ಅಧ್ಯಕ್ಷರು ಈಗಷ್ಟೇ ಹೇಳಿದರು: ಬಚ್ಚಲಲ್ಲಿ ಬಿದ್ದ ಆ ಸೋಮವಾರವೂ ಟವೆಲ್ ಹಾಕುವುದನ್ನು ಆ ತಾಯಿ ತಪ್ಪಿಸಲಿಲ್ಲ, ಎಂಥ ಶಿಸ್ತು, ಎಂದು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ನಾನು ತಟ್ಟಲಿಲ್ಲ.

ಆ ಸೋಮವಾರ ನಾನು ಅಲ್ಲಿದ್ದೆ. ಬಚ್ಚಲಿನ ದೀಪ ಉರಿಯುತ್ತಿತ್ತು, ಬಾಗಿಲು ಹಾಕಿತ್ತು, ನೀರಿನ ಸದ್ದಿರಲಿಲ್ಲ. ಹೋಗಿ ಬರುತ್ತೇನೆ ಎಂದೆ. ಉತ್ತರವಿಲ್ಲ. ಕಿವಿಯ ಮೆಷಿನ್ ಮೇಜಿನ ಮೇಲಿತ್ತು, ಕೇಳಿಸಿರಲಿಕ್ಕಿಲ್ಲ ಅಂದುಕೊಂಡೆ. ಬಾಗಿಲು ಬಡಿಯಬಹುದಿತ್ತು. ಒಂಬತ್ತಕ್ಕೆ ಟೆಸ್ಟ್ ಇತ್ತು, ಹಿಂದಿನ ಟೆಸ್ಟಿನಲ್ಲಿ ಫೇಲಾಗಿದ್ದೆ, ಬಸ್ಸಿಗೆ ಹತ್ತು ನಿಮಿಷವಿತ್ತು. ಟವೆಲ್ ಕುರ್ಚಿಯ ಬೆನ್ನಿನ ಮೇಲೆ ಮಡಿಚಿದಂತೆಯೇ ಇತ್ತು. ಅಜ್ಜಿಗೆ ಇವತ್ತೂ ತಡವಾದರೆ, ಮಾವ ಮೇಲೆ ಬಂದರೆ, ಮತ್ತೆ ಅದೇ ನಾಚಿಕೆ. ಹಾಸ್ಟೆಲಿನಲ್ಲಿ ಬೆಳಗಿನ ಹಾಜರಿಗೆ ಏಳದವಳ ಪರವಾಗಿ ಗೆಳತಿ "ಪ್ರೆಸೆಂಟ್" ಎನ್ನುತ್ತಾಳೆ. ಹತ್ತು ವರ್ಷ ನಾವು ಒಬ್ಬರಿಗೊಬ್ಬರು ಮಾಡಿದ ದೊಡ್ಡ ಉಪಕಾರವೇ ಅದು. ನಾನು ಅಜ್ಜಿಗೂ ಅದನ್ನೇ ಮಾಡಿದೆ. ಟವೆಲ್ ಹಾಕಿ, ಬಾಗಿಲೆಳೆದುಕೊಂಡು ಬಸ್ಸಿಗೆ ಓಡಿದೆ.

ಏಳು ಗಂಟೆಗೆ ಮಾವ ತಲೆಯೆತ್ತಿದರು. ಟವೆಲ್ ಇತ್ತು. ಮಂಗಳವಾರವೂ ಇತ್ತು. ಸಂಜೆ ಅಜ್ಜಿ ಅದನ್ನು ತೆಗೆಯುವ ಮೊದಲೇ ಮಾವನ ಅಂಗಡಿ ಮುಚ್ಚುತ್ತದೆ, ಹಾಗಾಗಿ ಅದು ಒಳಗೆ ಹೋಗದ್ದು ಅವರಿಗೆ ತಿಳಿಯುವಂತಿರಲಿಲ್ಲ. ಬುಧವಾರ ಬೆಳಗಿನ ಜಾವ ಮಳೆ ಬಂದು ನಿಂತಿತು. ಟವೆಲ್ ನೀರು ಸುರಿಸುತ್ತಾ ನೇತಾಡುತ್ತಿದ್ದುದನ್ನು ಕಂಡು, ಅದು ರಾತ್ರಿಯೆಲ್ಲ ಹೊರಗೇ ಇತ್ತೆಂದು ಹೊಳೆದು, ಮಾವ ಓಡಿಬಂದರು. ಬಚ್ಚಲಿಗೆ ಒಳಗಿನಿಂದ ಚಿಲಕ ಹಾಕಿತ್ತು. ಒಡೆದರು.

ಬಿದ್ದದ್ದು ಸೋಮವಾರ, ಜೀವ ಹೋದದ್ದು ಮಂಗಳವಾರ ಮಧ್ಯಾಹ್ನದ ಮೇಲೆ ಎಂದು ಡಾಕ್ಟರು ಅಪ್ಪನಿಗೆ ಹೇಳಿದರು. ನಾನು ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡೆ. ನಡುವೆ ಎಷ್ಟು ಗಂಟೆ ಎಂದು ಲೆಕ್ಕ ಹಾಕದೆ ಇರಲು ಪ್ರಯತ್ನಪಡುತ್ತಿದ್ದೇನೆ. ಟೆಸ್ಟಿನಲ್ಲಿ ಪಾಸಾದೆ. ಅದನ್ನೂ ಹೇಳಿಬಿಡುತ್ತೇನೆ.

ಆಮೇಲೆ ಕಟ್ಟಡದ ಮೆಟ್ಟಿಲ ಮೇಲೆ ನಾನು ಕೇಳಿದ ಮಾತು ಇದು. "ಎರಡು ದಿನ ಕಣ್ಣೆದುರಿಗೇ ನೇತಾಡ್ತಿತ್ತಲ್ಲ, ಅನುಮಾನ ಬರ್ಲಿಲ್ವಂತಾ? ಸೂಜಿಗೆ ದಾರ ಪೋಣಿಸೋ ಕಣ್ಣಂತೆ!" ಮಾವನೂ ಕೇಳಿಸಿಕೊಂಡರು. ಹದಿನೇಳು ದಿನದಿಂದ ಅಂಗಡಿ ತೆರೆದಿಲ್ಲ. ಮೊನ್ನೆ ಬಂದು ಬೀಗದ ಕೈಯನ್ನು ಅಪ್ಪನ ಮುಂದಿಟ್ಟರು. "ಇದನ್ನ ಇಟ್ಕೊಳ್ಳೋ ಯೋಗ್ಯತೆ ನಂಗಿಲ್ಲಪ್ಪ" ಎಂದರು. ನಾನು ಅಲ್ಲೇ ಇದ್ದೆ. ಕಾಫಿ ತಂದುಕೊಟ್ಟೆ.

ಅಪ್ಪ, ನೀವು ಎದ್ದು ನಿಂತಿದ್ದೀರಿ. ಕೂತ್ಕೊಳ್ಳಿ. ಮುಗಿಸಿಬಿಡುತ್ತೇನೆ.

ಮಾವ, ನಿಮ್ಮ ಕಣ್ಣು ತಪ್ಪಲಿಲ್ಲ. ನೀವು ನೋಡಬೇಕಾಗಿದ್ದನ್ನು ಸರಿಯಾಗಿಯೇ ನೋಡಿದಿರಿ. ಅಜ್ಜಿ ಅವತ್ತು ಏನನ್ನೂ ಹಾಕಲಿಲ್ಲ. ಬರೀ ಕಂಬಿ ನೋಡಿ ನೀವು ಎಂಟು ಗಂಟೆಗೆ ಬರಬೇಕಿತ್ತು, ಬಂದೇ ಬರುತ್ತಿದ್ದಿರಿ. ನೀವು ಬರದಂತೆ ಮಾಡಿದವಳು ನಾನು.

ಕಾಗದದ ಕೊನೆಗೆ "ಅಜ್ಜಿಯ ಆದರ್ಶ ನಮಗೆಲ್ಲ ದಾರಿದೀಪ" ಎಂದು ಬರೆದುಕೊಂಡಿದ್ದೆ. ಅದನ್ನು ಓದುವುದಿಲ್ಲ. ಅಧ್ಯಕ್ಷರಿಗೆ, ಅತಿಥಿಗಳಿಗೆ, ಬಾಗಿಲು ಒಡೆದ ಆ ಕೈಗಳಿಗೆ ನನ್ನ ವಂದನೆ. ಇಷ್ಟು ಹೊತ್ತು ಲೈನಿನಲ್ಲಿದ್ದ ನಿಮಗೆಲ್ಲರಿಗೂ ನಮಸ್ಕಾರ.